ತಟ್ಟೆ ನೋಡಿ ಕಾಯಿಲೆ ಹೇಳುವ ಅಕ್ಕ

ಬೆಳಕು ಹರಿಯುವ ಹೊತ್ತು. ಗಣಿ ಶಿಬಿರದ ಅಡುಗೆಮನೆಯಲ್ಲಿ ಮಧ್ಯಾಹ್ನದ ಊಟಕ್ಕೆಂದು ಮೂರು ಕುಕ್ಕರ್‌ಗಳು ಆಗಲೇ ಕೂಗುತ್ತಿವೆ. ನಾಲ್ಕೂವರೆ ಸಾವಿರ ಮೀಟರ್ ಎತ್ತರದ ಈ ಬೆಟ್ಟದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಸಾಕಷ್ಟು ಬಿಸಿಯಾಗುವುದಿಲ್ಲ. ಬರೀ ಪಾತ್ರೆಯಲ್ಲಿಟ್ಟ ಬೇಳೆ ಬೇಯುವ ಮಾತೇ ಇಲ್ಲ. "ಇಲ್ಲಿ ಬೇಳೆಗೂ ಮೊಂಡುತನ, ಹೊಟ್ಟೆಗೂ ಮೊಂಡುತನ," ಎನ್ನುತ್ತಾರೆ ಅಕ್ಕ. ವಯಸ್ಸು ಐವತ್ತೆರಡು. ಶಿಬಿರದ ಅರವತ್ತು ಕಾರ್ಮಿಕರಿಗೂ ಅವರು ಅಕ್ಕನೇ.

ತಿಂಡಿಯ ಹೊತ್ತಿನಲ್ಲಿ, ತೊಳೆಯಲು ಬರುವ ತಟ್ಟೆಗಳ ಮೇಲೆ ಅಕ್ಕನ ಕಣ್ಣು. ಹೊಸಬರಿಗೆ ಮೊದಲೆರಡು ದಿನ ಹಸಿವು ಸತ್ತೇ ಹೋಗುತ್ತದೆ. ಗಾಳಿಯ ಒತ್ತಡ ಕಡಿಮೆಯಾಗಿ ಹೊಟ್ಟೆಯೊಳಗಿನ ವಾಯು ಹಿಗ್ಗುತ್ತದೆ. ಉಬ್ಬರ, ತೇಗು, ವಾಕರಿಕೆ. ಹೆಚ್ಚಿನವರು ಸುಧಾರಿಸಿಕೊಳ್ಳುತ್ತಾರೆ. ಕೆಲವರಿಗೆ ಆಗುವುದಿಲ್ಲ.

ಇಲ್ಲೇ ಬಂಡೆ ಕೊರೆಯುತ್ತಿದ್ದ ಅಕ್ಕನ ಯಜಮಾನರಿಗೂ ಆಗಲಿಲ್ಲ. ಎಂಟು ವರ್ಷದ ಹಿಂದೆ, ರಜೆ ಮುಗಿಸಿ ಮೇಲೆ ಬಂದ ಎರಡನೇ ದಿನ ಅವರು ತಟ್ಟೆ ಸರಿಸಿದರು. "'ಗ್ಯಾಸು ಕಣೇ, ಬಿಡು' ಅಂದ್ರು. 'ಕಷ್ಟಪಟ್ಟು ಬೇಯಿಸಿದ್ದನ್ನ ಚೆಲ್ತೀರಲ್ಲ' ಅಂತ ಬಾಯಿಗೆ ಬಂದಂಗೆ ಬೈದೆ. ಮಾರನೇ ದಿನ ಕುಡಿದವರ ಥರ ತೂರಾಡಿದ್ರು. ಕೆಳಗೆ ಕರ್ಕೊಂಡು ಹೋಗುವಾಗ ಅರ್ಧ ದಾರೀಲೇ ಹೋಗ್ಬಿಟ್ರು. ಮಿದುಳು ಊದ್ಕೊಂಡಿತ್ತಂತೆ." ಇಷ್ಟು ಹೇಳುವಾಗಲೂ ಅಕ್ಕ ಸೌಟು ಕೆಳಗಿಡುವುದಿಲ್ಲ.

ಇವತ್ತು ಒಂದು ತಟ್ಟೆ ಮುಟ್ಟದೆ ವಾಪಸ್ಸು ಬಂದಿದೆ. ನಿನ್ನೆ ರಾತ್ರಿಯದೂ ಹಾಗೆಯೇ. ಮೊನ್ನೆ ಬಂದ ಲಾರಿ ಚಾಲಕನದು. ನಲವತ್ತು ದಾಟಿದ ಆಸಾಮಿ.

"ಉಬ್ಬರ ಅಷ್ಟೇ ಅಕ್ಕ. ತಲೆ ಒಂಚೂರು ಸಿಡೀತಿದೆ."

ಅಕ್ಕ ಅವನನ್ನು ನೆಲದ ಗೆರೆಯ ಮೇಲೆ, ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆಸುತ್ತಾರೆ. ನಾಲ್ಕನೇ ಹೆಜ್ಜೆಗೆ ಆತ ಗೋಡೆ ಹಿಡಿಯುತ್ತಾನೆ.

"ಒಂದು ಮಾತ್ರೆ ಕೊಡಿ, ಮಧ್ಯಾಹ್ನ ನೋಡೋಣ," ಎನ್ನುತ್ತಾನೆ ಗಣಿಯ ಮೇಸ್ತ್ರಿ.

ಅಕ್ಕ ಮೂರೂ ಒಲೆ ಆರಿಸುತ್ತಾರೆ. "ಇವನನ್ನ ಕೂರಿಸ್ಕೊಂಡು ಜೀಪು ಹೊರಡ್ಲಿ. ಆಮೇಲೆ ಅಡುಗೆ."

ಅರವತ್ತು ಹೊಟ್ಟೆಗಳ ಮುಂದೆ ಮೇಸ್ತ್ರಿಯ ಆಟ ನಡೆಯುವುದಿಲ್ಲ. ಹತ್ತು ನಿಮಿಷದಲ್ಲಿ ಆಮ್ಲಜನಕದ ಸಿಲಿಂಡರ್ ಸಮೇತ ಜೀಪು ಇಳಿಜಾರು ಹಿಡಿಯುತ್ತದೆ. ಕೆಲಸ ಹೋಯಿತೆಂದು ಲಾರಿ ಚಾಲಕ ಒಳಗಿನಿಂದಲೇ ಅಕ್ಕನಿಗೆ ಶಾಪ ಹಾಕುತ್ತಾನೆ.

ಹೀಗೆ ಅಕ್ಕ ಇಳಿಸಿದವರು ಇವನೂ ಸೇರಿ ಹತ್ತೊಂಬತ್ತು ಮಂದಿ. ಒಬ್ಬರೂ ತಿರುಗಿ ಒಳ್ಳೆಯ ಮಾತು ಹೇಳಿ ಕಳಿಸಿಲ್ಲ. ಯಜಮಾನರು ಹೋದಾಗಿನಿಂದ ಅಕ್ಕನಿಗೂ ನಾಲ್ಕು ತುತ್ತಿನ ಮೇಲೆ ಸೇರುವುದಿಲ್ಲ. ಬೇಜಾರಾಗುವುದಿಲ್ಲವೇ ಎಂದರೆ ಒಲೆ ಹಚ್ಚುತ್ತ ಹೇಳುತ್ತಾರೆ:

"ಬೈಕೊಳ್ಳಲಿ ಬಿಡಿ. ಬೈಯೋಕೆ ಉಸಿರಿದೆಯಲ್ಲ."