ಎತ್ತರದವನ ನೆಗೆತ

ಬನ್ನಿಮಂಟಪದ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಎಲ್ಲರಿಗಿಂತ ಎತ್ತರದವನೊಬ್ಬನಿದ್ದ. ತಲೆ ತಾಗದ ಬಾಗಿಲಲ್ಲೂ ಬಗ್ಗಿಯೇ ಒಳಗೆ ಬರುತ್ತಿದ್ದ. ಯಾರು ಏನು ಕೇಳಿದರೂ ಅವನದು ಒಂದೇ ಮಾತು: "ನೋಡೋಣ ಬುಡು."

ಆಯುಧಪೂಜೆಯ ಸಂಜೆ ಡಂಕ್ ಸ್ಪರ್ಧೆ ಇಟ್ಟುಕೊಂಡಿದ್ದೆವು. ಓಡಿಬಂದು ನೆಗೆದು ಚೆಂಡನ್ನು ರಿಂಗಿನೊಳಗೆ ಬಡಿಯಬೇಕು. ಕುಳ್ಳ ಆಟಗಾರನೊಬ್ಬ ಬಡಿದಾಗ ಶಿಳ್ಳೆಯೋ ಶಿಳ್ಳೆ. ಇವನು ಅದಕ್ಕಿಂತ ಚೆನ್ನಾಗಿ ಬಡಿದ. ತೀರ್ಪು ಕೊಡಲು ಕೂತಿದ್ದ ನಮ್ಮ ಹಳೆಯ ಕೋಚ್ ಮಾತ್ರ, "ನಿಂಗೇನಪ್ಪ, ಕೈ ಎತ್ತಿದ್ರೆ ಸಾಕು. ನೆಗೆದಂಗೇ ಕಾಣಲ್ಲ" ಅಂದರು.

ಹಾಗಾದರೆ ಎತ್ತರದವರು ಇದನ್ನು ಗೆಲ್ಲುವುದಾದರೂ ಹೇಗೆ? ನನಗೆ ಕುತೂಹಲ ತಡೆಯಲಾಗಲಿಲ್ಲ. ನನ್ನ ಸ್ಕೂಟರನ್ನು ತಂದು ರಿಂಗಿನ ಮುಂದೆ ಅಡ್ಡ ನಿಲ್ಲಿಸಿದೆ. "ಇದನ್ನ ದಾಟ್ಕೊಂಡು ಹೊಡಿ. ಆಗ ಕಾಣುತ್ತೆ."

ಅವನು ಹ್ಯಾಂಡಲಿನ ಚೆಂಡುಹೂವಿನ ಹಾರವನ್ನೂ ಕುಂಕುಮವನ್ನೂ ನೋಡಿ ನಿಂತುಬಿಟ್ಟ. "ಪೂಜೆ ಮಾಡಿರೋ ಗಾಡಿ ಕಣೋ. ದಾಟ್ಬಾರ್ದು."

ಬಹುಮಾನದ ಕಪ್ ಆ ಕುಳ್ಳನ ಪಾಲಾಯಿತು.

ಹಾರ ಒಣಗಿದ ಮೇಲೆ ಒಂದು ಬೆಳಿಗ್ಗೆ ಗಾಡಿ ತೊಳೆದು ಅಭ್ಯಾಸಕ್ಕೆ ಹೋದೆ. ಅಂಕಣದಲ್ಲಿ ಅವನೊಬ್ಬನೇ ಇದ್ದ. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, "ಈಗ ನಿಲ್ಸು" ಅಂದ.

"ಆಗುತ್ತೇನೋ?"

"ನೋಡೋಣ ಬುಡು."

ಓಡಿಬಂದು ನೆಗೆದ. ಗಾಡಿಯ ಸೀಟಿಗೂ ಅವನ ಶೂಗಳಿಗೂ ನಡುವೆ ಒಂದು ಗೇಣು ಬೆಳಕು ಕಂಡಿತು. ರಿಂಗು ಇನ್ನೂ ಅದುರುತ್ತಿರುವಾಗಲೇ ಹಿಂದಿರುಗಿ ಬಂದು, ಸೀಟು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಕಾಲು ತಾಗ್ಲೇ ಇಲ್ವಲ್ಲೋ" ಅಂದೆ.

"ತಾಗ್ಲಿಲ್ಲ. ಆದ್ರೂ ಮೇಲಿಂದ ಹೋಯ್ತಲ್ಲ" ಅಂದ.