ಎಡಕ್ಕೆ ಬಿದ್ದ ಹೂವು

ಇದನ್ನು ಬರೆಯಬೇಕೆಂದು ಕೂತಾಗೆಲ್ಲ ಏನಾದರೊಂದು ನೆವ ಸಿಗುತ್ತಿತ್ತು. ದ್ರಾಕ್ಷಿ ಬಳ್ಳಿ ಕತ್ತರಿಸುವ ಕಾಲ ಬಂತು, ಮೊಣಕಾಲು ನೋವು ಬಂತು, ಯಾರದೋ ಮದುವೆ ಬಂತು. ನೆವ ಹುಡುಕುವುದರಲ್ಲಿ ನನ್ನಂಥ ಜಾಣ ತಿಕೋಟಾದಲ್ಲಿ ಇನ್ನೊಬ್ಬನಿಲ್ಲ. ಈಗ ನನಗೆ ನನ್ನ ಮೇಲೇ ಹೇಸಿಗೆ ಬಂದಿದೆ. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನನ್ನ ಮೊಮ್ಮಗಳು ವಿಜಯಪುರದಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಡಾಕ್ಟರಾಗಬೇಕೆಂಬುದು ಅವಳ ಆಸೆ, ಆದರೆ ನೀಟ್ ಪರೀಕ್ಷೆಯಲ್ಲಿ ಸೀಟು ಕೈತಪ್ಪಿತ್ತು. ಅಷ್ಟರಲ್ಲಿ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಎಂ.ಎಸ್ಸಿ.ಗೆ ಕರೆ ಬಂತು. ಅದನ್ನು ಓದಿದವರು ರೋಗಿಯ ನಾಡಿ ಹಿಡಿಯುವಂತಿಲ್ಲ. ಆದರೆ ಡಾಕ್ಟರ್ ಓದುವವರು ಮೊದಲ ವರ್ಷ ಹೆಣ ಕೊಯ್ದು ದೇಹದ ಬಗ್ಗೆ ಕಲಿಯುವುದನ್ನು ಅವರಿಗಿಂತ ಆಳವಾಗಿ ಕಲಿಯಬಹುದು, ಜೊತೆಗೇ ನೀಟ್ ಮತ್ತೆ ಬರೆಯಬಹುದು. ಸೇರಬೇಕೋ ಬೇಡವೋ ಎಂದು ತಾಯಿ ಮಗಳು ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತ ದಿನವೂ ತೂಗಿ ನೋಡುತ್ತಿದ್ದರು. ನಾನು ಹೊರಸಿನ ಮೇಲೆ ಕೂತು ಕೇಳುತ್ತಿದ್ದೆ.

“ಮೂರು ವರ್ಷ ಹೋಗ್ತಾವ ಅವ್ವಾ. ಅಲ್ಲಿ ಓದೂದ ಅಷ್ಟಿರ್ತೈತಿ, ನೀಟಿಗೆ ಯಾವಾಗ ಓದ್ಲಿ?”

“ಮನ್ಯಾಗ ಕುಂತ್ರ ವರ್ಷ ನಿಂತ ಕಾಯ್ತಾವೇನ?”

“ಮುಗಿಸಿದ ಮ್ಯಾಲೆ ಕಾಲೇಜಿನ್ಯಾಗ ಪಾಠ ಹೇಳೂ ನೌಕರಿ ಐತಿ ಅಂತಾರ. ಆದ್ರ ಈಗ ಅದಕ್ಕೂ ಡಾಕ್ಟರ್ ಓದಿದವರನ್ನ ಮೊದಲ ಕರೀತಾರಂತ.”

“ಕರೀಲಿ ಬಿಡು. ನಿನ್ನ ಮನಸ ಎಲ್ಲೈತಿ ಅದನ್ನ ಹೇಳ.”

ಹುಡುಗಿ ತಟ್ಟೆಯೊಳಗಿನ ಕಡ್ಡಿ ಆರಿಸಿ ಚೆಲ್ಲಿದಳು. “ಮನಷ್ಯಾನ ಕೈಯಾಗ ನರ ಹೆಂಗ ಓಡ್ಯಾವ, ಒಮ್ಮೆ ಕಣ್ಣಾರೆ ನೋಡಬೇಕವ್ವಾ. ಮುಂದ ಡಾಕ್ಟರ್ ಸೀಟ ಸಿಗ್ಲಿ, ಬಿಡ್ಲಿ.”

ಅವಳು ಸೇರುವ ಕಡೆಗೆ ವಾಲಿದ್ದಾಳೆಂದು ನನಗೆ ಆಗಲೇ ತಿಳಿಯಿತು. ಸುಮ್ಮನಿರಬಹುದಿತ್ತು. ಆದರೆ ಅದೇ ವಾರ ಸೊಲ್ಲಾಪುರ ರಸ್ತೆಯ ಚಹಾದಂಗಡಿಯಲ್ಲಿ ನನ್ನ ಓರಗೆಯವನೊಬ್ಬ, “ಏನಲೇ, ನಿನ್ನ ಮೊಮ್ಮಗಳು ಹೆಣ ಕೊಯ್ಯಾಕ ಹೊಂಟಾಳಂತಲ್ಲ? ನಾ ಸತ್ರ ಆಕಿ ಕೈಯಾಗ ಕೊಡಬ್ಯಾಡ್ರೋ ಮತ್ತ,” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ತಾಯಿ ಮಗಳು ತೂಗಿದ್ದೆಲ್ಲ ಒಂದು ಕಡೆ, ಆ ಮುದುಕರ ಹಲ್ಲುಕಿರಿತ ಒಂದು ಕಡೆ. ನನಗೆ ಹಲ್ಲುಕಿರಿತವೇ ಭಾರವಾಯಿತು.

ಯಾವ ಮಾತೂ ಬಗೆಹರಿಯದಿದ್ದರೆ ಬಬಲೇಶ್ವರದ ಆಚೆ ಇರುವ ಮನೆದೇವರ ಹತ್ತಿರ ಹೂ ಕೇಳುವುದು ನಮ್ಮ ಮನೆತನದ ರೂಢಿ. ಲಿಂಗದ ಎರಡೂ ಬದಿಗೆ ಹಸಿ ವಿಭೂತಿಯಿಂದ ಒಂದೊಂದು ಹೂ ಅಂಟಿಸಿ ಬೇಡಿಕೊಳ್ಳಬೇಕು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ಹೂ ಅಂಟಿಸುವವನು ಪೂಜಾರಿಯಲ್ಲ, ಮನೆಯ ಹಿರಿಯ. ಹೂ ಕೇಳೋಣ ಎಂದೆ. ತೂಗಿ ತೂಗಿ ಸಾಕಾಗಿದ್ದ ಹುಡುಗಿ ಒಪ್ಪಿದಳು.

ಬಲಗಡೆಯ ಹೂವಿಗೆ ವಿಭೂತಿ ದಪ್ಪಗೆ ಮೆತ್ತಿ ಹೆಬ್ಬೆರಳಿನಿಂದ ಒತ್ತಿದೆ. ಎಡಗಡೆಯದನ್ನು ಬರೀ ತಾಗಿಸಿದೆ. ಅಷ್ಟೇ ಕೆಲಸ. ನಾವು ಕಣ್ಣು ಮುಚ್ಚಿ ಕೈಮುಗಿಯುವಷ್ಟರಲ್ಲಿ ಅದು ಬಿತ್ತು.

ಹುಡುಗಿ ಕೈ ಇಳಿಸಿ ಹಿಂದೆ ಸರಿದಳು. ಅವಳ ತಾಯಿ ಮಾತ್ರ, “ಇನ್ನೊಮ್ಮೆ ಕೇಳೂಣ್ರಿ ಮಾವಾರ,” ಎಂದಳು.

ಸಿಕ್ಕಿಬಿದ್ದೇನೆಂಬ ಹೆದರಿಕೆಗೆ ನನ್ನ ದನಿ ಏರಿತು. “ದೇವರಿಗಿಂತ ನೀ ದೊಡ್ಡಾಕೇನಬೇ? ನಿನ್ನ ಈ ಹಟಕ್ಕ ಆಂವ ಮುನದಾನ.” ಗುಡಿಯಲ್ಲಿದ್ದ ಜನ ತಿರುಗಿ ನೋಡಿದರು. ಅವಳು ಸೆರಗು ಬಾಯಿಗೆ ಹಿಡಿದು ಹೊರಗೆ ಹೋದಳು.

ಕಾಲೇಜಿನ ಗಡುವು ಮುಗಿಯಿತು. ಹುಡುಗಿ ಈಗ ವಿಜಯಪುರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಅಥಣಿ ರಸ್ತೆಯಲ್ಲಿ ಗೆಳತಿಯರ ಜೊತೆ ಕೋಣೆ ಹಿಡಿದಿದ್ದಾಳೆ. ಹೋದ ತಿಂಗಳು ನನ್ನ ರಕ್ತ ತಪಾಸಣೆಗೆ ಅಲ್ಲಿಗೇ ಹೋಗಿದ್ದೆ. ನನ್ನ ಮುದಿ ತೋಳನ್ನು ಎರಡು ಬೆರಳಿನಿಂದ ತಡವಿ, “ಇಲ್ಲೈತಿ ನೋಡ್ರಿ ನರ,” ಎಂದಳು. ನನಗೆ ತಡೆಯಲಾಗಲಿಲ್ಲ. ಅಲ್ಲೇ ಎಲ್ಲ ಹೇಳಿಬಿಟ್ಟೆ, ತಪ್ಪಾಯಿತು ಎಂದೆ.

ಅವಳು ಸೂಜಿ ತೆಗೆದು ಹತ್ತಿ ಒತ್ತಿದಳು. ಪಟ್ಟಿ ಅಂಟಿಸುತ್ತ, “ಅವತ್ತಿನಿಂದ ದೇವರ ಮ್ಯಾಲೆ ಸಿಟ್ಟಾಗಿ ನಾ ಗುಡಿಗೇ ಹೋಗಿಲ್ಲ ಮುತ್ಯಾ. ಪಾಪ, ಆಂವಂದೇನ ತಪ್ಪಿತ್ತು,” ಎಂದಳು. ಕಣ್ಣಲ್ಲಿ ನಗುವಿರಲಿಲ್ಲ. “ಈ ವರ್ಷ ಮತ್ತ ಅರ್ಜಿ ಹಾಕಾಕತ್ತೇನಿ. ಹೂವು ಗೀವು ಏನೂ ಬ್ಯಾಡ. ಆದ್ರ ನೀವು ಅವ್ವಗ ಹೇಳ್ರಿ. ನಾ ಹೇಳೂದಿಲ್ಲ.”

ಇನ್ನೂ ಹೇಳಿಲ್ಲ. ಗುಡಿಯ ಆ ದಿನದಿಂದ ಅವಳ ತಾಯಿ ಪ್ರತಿ ಸೋಮವಾರ ಉಪವಾಸ ಮಾಡುತ್ತಾಳೆ. ತನ್ನ ಹಟದಿಂದಲೇ ಮಗಳ ದಾರಿ ಮುಚ್ಚಿತೆಂದು ನಂಬಿದ್ದಾಳೆ. ಇವತ್ತೂ ಸೋಮವಾರ. ಹಸಿದ ಹೊಟ್ಟೆಯಲ್ಲೇ ನನಗೆ ಬಿಸಿ ರೊಟ್ಟಿ ಬಡಿದು ಹಾಕಿದಳು. “ಇನ್ನೊಂದ ಹಾಕ್ಲೇನ್ರಿ ಮಾವಾರ?” ಎಂದಳು. ಬಾಯಿವರೆಗೆ ಬಂದ ಮಾತನ್ನು ರೊಟ್ಟಿಯ ಜೊತೆ ನುಂಗಿದೆ, ಹೇಡಿ ನಾನು. ಮೊಮ್ಮಗಳ ಕ್ಷಮೆ ಕೇಳಿದ್ದೇನೆ, ದೇವರದೂ ಕೇಳಿದ್ದೇನೆ. ಕೇಳದೆ ಉಳಿದವಳು ಅಡುಗೆಮನೆಯಲ್ಲಿ ನೀರು ಕುಡಿದು ಕೂತಿರುವ ನನ್ನ ಸೊಸೆ.