ಶೇಠನ ವಾಯವ್ಯದಲ್ಲಿ ನಮ್ಮ ಸರದಿ

ಹೋರಾಟಕ್ಕೆ ಹೋಗುವವರು ಬಾವುಟ ಒಯ್ಯುತ್ತಾರೆ. ನಮ್ಮ ಗಿರಿಜೆ ನನ್ನನ್ನು ಒಯ್ದಳು.

ಗಿರಿಜೆ ಕೊಪ್ಪಳದ ಕಡೆಯ ಹುಡುಗಿ. ನರೋಡಾದ ನಮ್ಮ ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದಾಳೆ. ಬಣ್ಣದ ಪುಡಿಯ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಸಂಜೆ ಬಂದರೆ ಕಿವಿಯೊಳಗೂ ನೀಲಿ.

ಈಚೆಗೆ ಅವಳ ಫ್ಯಾಕ್ಟರಿಯ ಗುಜರಾತಿ ಶೇಠನಿಗೆ ವಾಸ್ತು ಹಿಡಿಯಿತು. (ಜ್ವರದ ಹಾಗೆ. ಈಗ ಇಲ್ಲಿ ಎಲ್ಲರಿಗೂ ಹಿಡಿದಿದೆ.) ಹೆಂಗಸರ ಕಕ್ಕಸು ಈಶಾನ್ಯದಲ್ಲಿದೆ, ಲಕ್ಷ್ಮಿ ಅಲ್ಲಿಂದಲೇ ಹರಿದುಹೋಗುತ್ತಿದ್ದಾಳೆ ಎಂದ ಪಂಡಿತ. ಶೇಠ ಬೀಗ ಜಡಿಸಿದ. ಬಾಗಿಲಿಗೆ ಕುಂಕುಮ ಹಚ್ಚಿ ಹಾರವನ್ನೂ ಹಾಕಿದ. ನಗಬೇಡಿ. ಹೆಂಗಸರು ಏನು ಮಾಡಬೇಕು? ನೀರು ಕುಡಿಯುವುದನ್ನೇ ಬಿಟ್ಟರು. ಒಬ್ಬಳು ತಲೆಸುತ್ತಿ ಬಿದ್ದಳು.

ಗಿರಿಜೆ ಹೋಗಿ ಕೇಳಿದಳು. "ಬೇಟಿ, ದಿಕ್ಕು ನಾನು ಮಾಡಿದ್ದಾ?" ಎಂದನಂತೆ ಶೇಠ. ಹಾಗಾದರೆ ಕಕ್ಕಸಿಗೆ ಒಳ್ಳೆಯ ದಿಕ್ಕು ಯಾವುದು ಎಂದಳು ಇವಳು. "ವಾಯವ್ಯ" ಎಂದ. ಅವನ ಕ್ಯಾಬಿನ್ನಿನ ಬಾತ್‌ರೂಮು ಇರುವುದು ಅಲ್ಲೇ.

ಸಂಜೆ ಗಿರಿಜೆ ನನ್ನ ಮುಂದೆ ಕೂತಳು. "ಅಮ್ಮಾರೆ, ನಿಮಗ ಸಕ್ಕರೆ ಕಾಯಿಲೆ ಐತೆಲ್ರಿ? ನಾಳೆ ನಮ್ಮ ಫ್ಯಾಕ್ಟರಿಗೆ ಬರ್ರಿ. ಬರೂದಕ್ಕ ಮುಂಚೆ ಚಾ ಕುಡೀರಿ, ಜಾಸ್ತಿ."

"ಕೆಲಸ ಹೋದರೆ ಏನೇ ಮಾಡ್ತಿ?"

"ಹೋದ್ರ ಹೋಗ್ಲಿ. ಮೊದಲು ನಾವು ಹೋಗ್ಬೇಕಲ್ರಿ!"

ಮರುದಿನ ಶೇಠ ಮಾಲು ಕೊಳ್ಳಲು ಬಂದ ಮುಂಬೈಯ ಪಾರ್ಟಿಯೊಂದಿಗೆ ಕ್ಯಾಬಿನ್ನಿನಲ್ಲಿ ಕೂತಿದ್ದ. ಮುಂದೆ ನಾನು, ಹಿಂದೆ ಪ್ಯಾಕಿಂಗಿನ ಅಷ್ಟೂ ಹೆಂಗಸರು. ಚಪ್ಪಲಿ ಹೊರಗೆ ಬಿಟ್ಟು, "ಜೈ ಶ್ರೀ ಕೃಷ್ಣ, ಶೇಠ್" ಎಂದು ಒಬ್ಬೊಬ್ಬರೇ ಬಾತ್‌ರೂಮಿಗೆ. ಹೊರಗೆ ಬಂದು ಮತ್ತೆ "ಜೈ ಶ್ರೀ ಕೃಷ್ಣ". ಮುಂಬೈಯವನು, ಪಾಪ, ಪ್ರತಿಯೊಬ್ಬಳಿಗೂ ಎದ್ದು ಕೈ ಮುಗಿದ.

"ಅರೇ ಬಾ, ಯೇ ಕ್ಯಾ ಹೈ?" ಎಂದ ಶೇಠ. (ಇಲ್ಲಿ ಅಜ್ಜಿಯರನ್ನು ಬಾ ಎನ್ನುತ್ತಾರೆ.)

"ವಾಯವ್ಯ" ಅಂದೆ.

ಅವನು ಗಿರಿಜೆಯ ಕಡೆ ತಿರುಗಿ, "ನಾಳೆಯಿಂದ ನೀನು..." ಎಂದು ಶುರು ಮಾಡಿದ. ಅಷ್ಟರಲ್ಲಿ ಮೊದಲು ಹೋಗಿ ಬಂದವರು ಮತ್ತೆ ಚಪ್ಪಲಿ ಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಶೇಠನಿಗೂ ಅವಸರವಾಯಿತು. ಬಾತ್‌ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.

"ಲೈನ್ ಮೇ ಆಯಿಯೇ, ಶೇಠ್‌ಜಿ," ಎಂದಳು ಗಿರಿಜೆ, ಮರ್ಯಾದೆಯಿಂದ.

ಮಧ್ಯಾಹ್ನದೊಳಗೆ ಪಂಡಿತ ಓಡಿ ಬಂದು ಪುಸ್ತಕ ತಿರುವಿದ. ಈಶಾನ್ಯದ ಕಕ್ಕಸಿನ ಮೇಲೊಂದು ತಾಮ್ರದ ಪಿರಮಿಡ್ ಇಟ್ಟರೆ ದೋಷವೇ ಇಲ್ಲವಂತೆ! ಬೀಗ ತೆಗೆದರು. ಗಿರಿಜೆಯ ಕೆಲಸವೂ ಉಳಿಯಿತು.

ಒಬ್ಬಳು ಬಾಯಾರಿ ಬಿದ್ದಾಗ ಆ ಪುಸ್ತಕದಲ್ಲಿ ಇಲ್ಲದ ಪುಟ, ಶೇಠ ಸರದಿಯಲ್ಲಿ ನಿಂತ ಕೂಡಲೇ ಎಲ್ಲಿಂದ ಬಂತು?